ಹಸಿರು ಚುಕ್ಕೆ ಹೇಳದ ಹಿಂಸೆ

ಹಾಲೊಡಕಿನ ಸಸಾರಜನಕದ ಡಬ್ಬಿಯ ಮೇಲೆ ಹಸಿರು ಚುಕ್ಕೆಯನ್ನು ಕಂಡೊಡನೆ ಶ್ರಾವಕನು ನಿಶ್ಚಿಂತನಾಗುತ್ತಾನೆ. ಆ ಚುಕ್ಕೆ ಒಳಗಿನ ಪದಾರ್ಥವನ್ನಷ್ಟೇ ಹೇಳುತ್ತದೆ. ಈ ಪುಡಿ ಮಧುಮೇಹಕ್ಕೆ ಹಿತವೇ ಎಂದರಿಯಲು ಪ್ರಯೋಗಶಾಲೆಗಳಲ್ಲಿ ಆರೋಗ್ಯವಂತ ಇಲಿಗಳಿಗೆ ಸ್ಟ್ರೆಪ್ಟೋಜೋಟೋಸಿನ್ ಚುಚ್ಚಿ, ಮೇದೋಜೀರಕದಲ್ಲಿ ಇನ್ಸುಲಿನ್ ಸ್ರವಿಸುವ ಜೀವಕಣಗಳನ್ನು ನಾಶಗೊಳಿಸುತ್ತಾರೆ. ಹೀಗೆ ರೋಗ ಬರಿಸಿ, ಕೆಲವು ವಾರ ಪುಡಿ ತಿನ್ನಿಸಿ, ಕೊನೆಗೆ ಕೊಂದು ಅವುಗಳ ಯಕೃತ್ತು, ಮೂತ್ರಪಿಂಡಗಳನ್ನು ಪರೀಕ್ಷಿಸುತ್ತಾರೆ.

ಅಂಗಾಂಗಗಳನ್ನು ನೋಡದೆ ನಿರ್ಣಯವೆಂತು ಎಂಬುದು ಅವರ ವಾದ. ಹೊಸ ರಾಸಾಯನಿಕದ ಮಾತಾಗಿದ್ದರೆ ಅದಕ್ಕೆ ಕಿವಿಗೊಡಬಹುದಿತ್ತೇನೋ. ಇದು ಆಹಾರ; ಮನುಷ್ಯನೇ ಸೇವಿಸಿ ನೋಡಬಹುದಾದದ್ದು. ನೋಡಿಯೂ ಆಗಿದೆ. 2005ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ 14 ಮಂದಿ ಮಧುಮೇಹಿಗಳು ಊಟದೊಡನೆ ಇದನ್ನು ಸೇವಿಸಿದಾಗ ಇನ್ಸುಲಿನ್ ಸ್ರಾವ ಹೆಚ್ಚಿತು; 2014ರ ಇಸ್ರೇಲಿನ ಅಧ್ಯಯನದಲ್ಲಿ 15 ಮಂದಿ ಉಪಾಹಾರಕ್ಕೆ ಮುನ್ನ 50 ಗ್ರಾಂ ಕುಡಿದಾಗ ರಕ್ತದ ಸಕ್ಕರೆಯ ಏರಿಕೆ ತಗ್ಗಿತು. ಆದರೂ ಇಲಿಗಳಿಗೆ ಬಿಡುಗಡೆಯಿಲ್ಲ!

ಆರಂಭೀ, ಉದ್ಯೋಗೀ ಹಿಂಸೆಗಳನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನು. ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು. ನಿರೋಗಿ ಜೀವಿಗೆ ಬೇಕೆಂದೇ ರೋಗ ಬರಿಸುವುದು ಸಂಕಲ್ಪವಲ್ಲದೆ ಮತ್ತೇನು? ಕೃತ, ಕಾರಿತ, ಅನುಮೋದನಗಳಲ್ಲಿ ಮೂರನೆಯದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಿಗೂ ಅಂಟುತ್ತದೆ. ಇಲಿಗಳ ಫಲಿತಾಂಶವನ್ನು ಮುಂದಿಟ್ಟು ಈ ಪುಡಿಯನ್ನು ಮಾರುವ ಜೈನ ವರ್ತಕನು ಆ ಜಾಹೀರಾತಿನ ಹಾಳೆಯನ್ನು ಇಂದೇ ಅಂಗಡಿಯಿಂದ ತೆಗೆಯಲಿ.