ಬಕೆಟ್ಟಿನ ಕರುಣೆ

ಭಾನುವಾರ ಗಾಳ ಹೊತ್ತು ತಾಂಡ್ಯ, ನಂಜನಗೂಡುಗಳ ಕಡೆಗೆ ಹೊರಡುವ ಮೈಸೂರಿನ ಮಿತ್ರರ ಮೇಲೆ ನನಗೆ ಹಗೆಯಿಲ್ಲ. ಅವರ ಬಕೆಟ್ಟಿನ ಮೇಲೆ ಮಾತ್ರ ನನ್ನ ಆಕ್ಷೇಪಣೆ. ಯಾವುದೋ ಕೆರೆಯಲ್ಲಿ ಬಟ್ಟೆ ಹಿಡಿದು ಎರೆಗೆಂದು ಮರಿಮೀನು ಸೋಸುತ್ತಾರೆ. ಬಿಸಿಲು ತಾಕದಂತೆ, ಉಸಿರು ಕಟ್ಟದಂತೆ ನೀರು ಬದಲಿಸುತ್ತಾ ಜೋಪಾನ ಮಾಡುತ್ತಾರೆ. ಸಂಜೆ ಉಳಿದವನ್ನು “ಬದುಕಿಕೊಳ್ಳಲಿ” ಎಂದು ಕಪಿಲೆಗೆ ಸುರಿದು, ಪುಣ್ಯ ಕಟ್ಟಿಕೊಂಡೆವೆಂದು ಮರಳುತ್ತಾರೆ.

ಇದು ಪುಣ್ಯವಲ್ಲ. ಕೆರೆಯ ಮರಿಗಳ ನಡುವೆ ಜಿಲೇಬಿ ಮೀನೂ ಇರಬಹುದು. 1952ರಲ್ಲಿ ಭಾರತಕ್ಕೆ ತಂದ ಈ ಆಫ್ರಿಕಾ ಮೂಲದ ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟು ಕಾಯುತ್ತದೆ. ಒಂದು ತಾಯಿ ಹೊಕ್ಕರೆ ಒಂದು ಸಂಸಾರವೇ ಹೊಕ್ಕಂತೆ. ಇಲ್ಲಿ ಸುರಿದದ್ದು ತಿ. ನರಸೀಪುರದ ಸಂಗಮ ದಾಟಿ ಕಾವೇರಿಗೂ ಹೋದೀತು.

“ಹೊಳೆ ಮೊದಲೇ ಕೆಟ್ಟಿದೆ, ನಮ್ಮ ಒಂದು ಬಕೆಟ್ಟಿನಿಂದೇನು?” ಎನ್ನುವಿರಿ. ಮುಂಬಾಗಿಲಲ್ಲಿ ಕಳ್ಳ ಹೊಕ್ಕನೆಂದು ಹಿತ್ತಿಲ ಬಾಗಿಲನ್ನೂ ತೆರೆದಿಡುತ್ತೇವೆಯೆ?

1946ರಲ್ಲಿ ಮೈಸೂರಿನ ವಾನ್ ಇಂಗೆನ್ ಇದೇ ಕಪಿಲೆಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದರು. ಕಾವೇರಿ ಸೀಮೆಯ ಆ ಡುಬ್ಬದ ಬಿಳಿಮೀನು 2018ರಲ್ಲಿ ತೀವ್ರ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿ ಸೇರಿತು. ಬೇರೆ ಹೊಳೆಯ ತಳಿಯ ಮರಿಗಳನ್ನು ತಂದು ಬಿಟ್ಟದ್ದೂ ಇದಕ್ಕೆ ಕಾರಣವೆಂದು ಬಲ್ಲವರು ಹೇಳುತ್ತಾರೆ. ಬಿಟ್ಟವರು ವೈರಿಗಳಲ್ಲ, ಹೊಳೆ ತುಂಬಲಿ ಎಂದು ಬಯಸಿದವರೇ!

ಎರೆ ಬೇಕಾದರೆ ಆ ಹೊಳೆಯಲ್ಲೇ ಹಿಡಿಯಿರಿ. ಬಿಳಿಮೀನಿಗೆ ರಾಗಿ ಹಿಟ್ಟಿನ ಉಂಡೆಯೇ ಹಳೆಯ ಎರೆಯಲ್ಲವೆ? ಕೆರೆಯ ಮೀನು ಉಳಿದರೆ ಮನೆಗೆ ಒಯ್ಯಿರಿ, ಬೆಕ್ಕಿಗೆ ಹಾಕಿರಿ. ಹೊಳೆಗೆ ಮಾತ್ರ ಕರುಣೆ ತೋರಬೇಡಿ.