ಅಗ್ಗದ ಬೇಸ್ ಗಿಟಾರ್: ಬೆಲೆಯೂ ಬಾಳಿಕೆಯೂ

ತಾಳವಾಡಿ ಬೆಟ್ಟಸೀಮೆ ಆಡಳಿತದ ದೃಷ್ಟಿಯಿಂದ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಮಾತು, ಹಾಡು, ನಂಟಸ್ತನಗಳಲ್ಲಿ ಚಾಮರಾಜನಗರದ ನೆರೆಮನೆ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಆ ನೆಲದಲ್ಲಿಯೇ. ಮಾದಪ್ಪನ ಪದಗಳನ್ನೂ ಮಂಟೇಸ್ವಾಮಿಯ ಕಥೆಯನ್ನೂ ಕೇಳುತ್ತ ಬೆಳೆದ ಅಲ್ಲಿನ ಕೆಲವು ವಿದ್ಯಾರ್ಥಿಗಳು ನಮ್ಮ ಐಚ್ಛಿಕ ಕನ್ನಡ ತರಗತಿಯಲ್ಲಿದ್ದಾರೆ. ಆ ಹಾಡುಗಳಿಗಾಗಿ ಒಂದು ವಾದ್ಯತಂಡ ಕಟ್ಟಬೇಕೆಂದು ಹೊರಟಿರುವ ಅವರು ಒಂದು ಬೇಸ್ ಗಿಟಾರ್ ಕೊಳ್ಳಲು ಹಣ ಕೂಡಿಸುತ್ತಿದ್ದಾರೆ. ರಜೆಯಲ್ಲಿ ಅರಿಸಿನದ ಹೊಲದಲ್ಲಿ ದುಡಿದ ಕೂಲಿಯೂ ಆ ಹಣದಲ್ಲಿ ಸೇರಿದೆ. ಆದ್ದರಿಂದ ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆ ಹಗುರವಾದುದಲ್ಲ.

ಕನ್ನಡ ವಿಭಾಗಕ್ಕೂ ಬೇಸ್ ಗಿಟಾರಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನೀಲಗಾರರ ಮೇಳವನ್ನು ನೆನೆಯಿರಿ. ಕಥೆ ಹೇಳುವವನ ತಂಬೂರಿಯ ನಾದ ತಳದಲ್ಲಿ ನಿಂತಿರುವುದರಿಂದಲೇ ಮೇಲೆ ಕಥೆ ಇರುಳಿಡೀ ನಡೆಯುತ್ತದೆ. ನಾನು ಮರಾಠಿ, ಕನ್ನಡ ಎರಡರಲ್ಲೂ ಓದಿ ಬೆಳೆದವನು. ಆ ತಳದ ಸ್ವರವನ್ನು ಅತ್ತ ಖರ್ಜ ಎನ್ನುತ್ತಾರೆ, ಇತ್ತ ಮಂದ್ರ ಎನ್ನುತ್ತೇವೆ. ಬೇಸ್ ಗಿಟಾರ್ ಮಾಡುವುದೂ ಆ ಮಂದ್ರದ ಕೆಲಸವನ್ನೇ. ಅದರ ಅತ್ಯಂತ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ತಂಡ ಈ ವಾದ್ಯದೊಡನೆ ಹಾಡಿದಾಗ ಪದಗಳಿಗೆ ಕುಂದೇನೂ ಬರಲಿಲ್ಲ.

ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಯ ಶ್ರೇಣಿಗಳು ಹಲವು. ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಹೊರತಂದ. ಇಂದಿನ ಬಹುತೇಕ ಬೇಸ್ ಗಿಟಾರುಗಳ 34 ಅಂಗುಲದ ತಂತಿಯಳತೆ ಅದರಿಂದ ಬಂದುದು. ಅದೇ ಫೆಂಡರ್ ಕಂಪನಿಯ ಅಗ್ಗದ ಹೆಸರು ಸ್ಕ್ವಾಯರ್. ಅದರಲ್ಲಿ ಸಾನಿಕ್, ಅಫಿನಿಟಿ, ಕ್ಲಾಸಿಕ್ ವೈಬ್ ಮೊದಲಾದ ಮೆಟ್ಟಿಲುಗಳಿವೆ. ಕೈ ಚಿಕ್ಕದಿರುವವರಿಗೆ 30 ಅಂಗುಲದ ಬ್ರಾಂಕೊ ಒದಗುತ್ತದೆ. ಐಬನೀಸ್ ಕಂಪನಿಯ ಜಿಯೊ ಶ್ರೇಣಿಯಲ್ಲಿ ದಂಡಿ ತೆಳು; ಬೆರಳು ಬೇಗ ಒಗ್ಗುತ್ತದೆ. ಅದರ ಜಿಎಸ್‌ಆರ್ 180 ಸರಳವಾದುದು. ಜಿಎಸ್‌ಆರ್ 200ರಲ್ಲಿ ಮಂದ್ರವನ್ನು ಹಿಗ್ಗಿಸುವ ಸರ್ಕ್ಯೂಟ್ ಇದ್ದು, ಅದು 9 ವೋಲ್ಟಿನ ಬ್ಯಾಟರಿಯನ್ನು ಬೇಡುತ್ತದೆ. ಯಮಾಹಾದ ಟಿಆರ್‌ಬಿಎಕ್ಸ್ 174ರಲ್ಲಿ ಎರಡು ಬಗೆಯ ಪಿಕಪ್‌ಗಳಿವೆ, ಬ್ಯಾಟರಿಯ ಹಂಗಿಲ್ಲ. ಕೊರಿಯಾದ ಕಾರ್ಟ್ ಕಂಪನಿ ಹೆಸರಾಂತ ಬೇರೆ ಕಂಪನಿಗಳಿಗೂ ವಾದ್ಯ ಮಾಡಿಕೊಡುತ್ತ ಬಂದಿದೆ. ಅದರ ಸ್ವಂತ ಆ್ಯಕ್ಷನ್ ಶ್ರೇಣಿ ಹೆಸರಿಗಿಂತ ಕೆಲಸಕ್ಕೆ ಬೆಲೆ ಕೊಡುವವರಿಗೆ ತಕ್ಕದ್ದು.

ಇವೆಲ್ಲಕ್ಕಿಂತ ಕೆಳಗೆ, ಅರ್ಧ ಬೆಲೆಗೂ ಕಡಿಮೆಗೆ ಸಿಗುವ, ಹೆಸರೇ ಕೇಳಿರದ ವಾದ್ಯಗಳಿವೆ. ಅವುಗಳ ಬಣ್ಣ ಕಣ್ಣಿಗೆ ಚೆನ್ನ. ಬಿರಡೆ ಮಾತ್ರ ಜಾರುತ್ತದೆ, ಮೆಟ್ಟುಗಳ ಅಂಚು ಅಂಗೈಯನ್ನು ಗೀರುತ್ತದೆ, ಎರಡು ಮಳೆಗಾಲ ಕಳೆಯುವುದರೊಳಗೆ ದಂಡಿ ಬಾಗುತ್ತದೆ. ಶ್ರುತಿ ನಿಲ್ಲದ ವಾದ್ಯದಲ್ಲಿ ಕಲಿಯುವವನ ಕಿವಿ ಅಪಸ್ವರಕ್ಕೆ ಒಗ್ಗಿಹೋಗುತ್ತದೆ. ಅಥವಾ ತನಗೆ ಸಂಗೀತವೇ ಬಾರದೆಂದು ಅವನು ಕೈಬಿಡುತ್ತಾನೆ. ದೋಷ ವಾದ್ಯದ್ದು, ಸೋಲು ವಿದ್ಯಾರ್ಥಿಯದು. ಅಗ್ಗವೆಂದು ಕೊಂಡದ್ದು ಅತ್ಯಂತ ದುಬಾರಿಯಾಗುವುದು ಹೀಗೆ.

ಆದ್ದರಿಂದ ಹೆಸರಿನ ಮೋಹಕ್ಕೂ ಬೀಳದೆ, ಅಗ್ಗದ ಆಸೆಗೂ ಬೀಳದೆ, ಕೈಗೆ ಬಂದ ಆ ಒಂದು ವಾದ್ಯವನ್ನು ಪರೀಕ್ಷಿಸಬೇಕು. ಒಂದೇ ಮಾದರಿಯ ಎರಡು ವಾದ್ಯಗಳೂ ಒಂದೇ ಸಮನಾಗಿರುವುದಿಲ್ಲ. ದಂಡಿಯ ಅಂಚಿನ ಮೇಲೆ ಬೆರಳಾಡಿಸಿ ಮೆಟ್ಟುಗಳು ಚುಚ್ಚುತ್ತವೆಯೇ ನೋಡಿ. ಹನ್ನೆರಡನೆಯ ಮೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಿದಾಗ ಬರುವ ಸ್ವರ, ಅಲ್ಲೇ ಒತ್ತಿ ಮೀಟಿದಾಗಲೂ ಬರಬೇಕು. ಬಾರದಿದ್ದರೆ ಕುದುರೆಯನ್ನು ಸರಿಪಡಿಸಿಕೊಡುವಂತೆ ಅಂಗಡಿಯವರನ್ನು ಕೇಳಿ. ಒಂದೊಂದು ಮೆಟ್ಟನ್ನೂ ಒತ್ತಿ, ಎಲ್ಲಿಯಾದರೂ ತಂತಿ ಝರಝರ ಎನ್ನುತ್ತದೆಯೇ ಕೇಳಿ. ಶ್ರುತಿ ಮಾಡಿ ಅರ್ಧ ಗಂಟೆ ಬಿಟ್ಟು ಮತ್ತೆ ಮೀಟಿ. ಈ ಅರ್ಧ ಗಂಟೆ ಹೇಳುವಷ್ಟನ್ನು ಜಾಹೀರಾತಿನ ಹತ್ತು ಪುಟಗಳು ಹೇಳುವುದಿಲ್ಲ.

ಬೆಟ್ಟದ ವಿದ್ಯಾರ್ಥಿಗಳಿಗೆ ಇನ್ನೊಂದು ಲೆಕ್ಕವೂ ಉಂಟು. ಕೊಯಮತ್ತೂರಿನ ಅಂಗಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಹುಲಿಗಳಿರುವ ಕಾಡಾದ್ದರಿಂದ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಇತ್ತ ಮೈಸೂರಿಗೆ ಹೋದರೂ ಒಂದು ದಿನದ ಕೆಲಸ ಹೋಯಿತು. ಹಾಗಿರುವಾಗ ಕೆಡಬಹುದಾದ ಭಾಗಗಳು ಎಷ್ಟು ಕಡಿಮೆಯೋ ವಾದ್ಯ ಅಷ್ಟು ಒಳ್ಳೆಯದು. ಈ ಕಾರಣದಿಂದ ಬ್ಯಾಟರಿ ಬೇಡದ ಸರಳ ವಾದ್ಯವನ್ನೇ ನಾನು ಸೂಚಿಸುವೆ. ಮೊದಲ ಆಯ್ಕೆ ಯಮಾಹಾ 174. ಅದು ಸಿಗದಿದ್ದರೆ ಕಾರ್ಟ್ ಆ್ಯಕ್ಷನ್, ಚಿಕ್ಕ ಕೈಯವರಿಗೆ ಐಬನೀಸ್ 180. ಸ್ಕ್ವಾಯರ್ ಅಫಿನಿಟಿ ಕಳಪೆಯದಲ್ಲ. ಆದರೆ ಹೆಸರಿಗಾಗಿ ಹೆಚ್ಚು ತೆರಬೇಕಾದಲ್ಲಿ ಅದನ್ನು ಬಿಡುವುದು ಮೇಲು. ಇದ್ದ ಹಣವನ್ನೆಲ್ಲ ವಾದ್ಯಕ್ಕೇ ಸುರಿಯಬೇಡಿ. ಆಂಪ್ಲಿಫೈಯರ್ ಇಲ್ಲದ ಬೇಸ್ ಗಿಟಾರ್ ಮೂಕ. ಮೊಬೈಲಿನ ಸ್ಪೀಕರಿಗೆ ಆ ಮಂದ್ರ ನಿಲುಕದು. ಒಂದು ಚಿಕ್ಕ ಆಂಪ್ಲಿಫೈಯರ್, ಒಂದು ಜೊತೆ ತಂತಿ, ದಂಡಿಯೊಳಗಿನ ಉಕ್ಕಿನ ಸರಳನ್ನು ಬಿಗಿಮಾಡುವ ಕೀಲಿ, ಅದನ್ನು ಬಳಸುವ ಕ್ರಮ ಇವಿಷ್ಟನ್ನೂ ಅಂಗಡಿಯಿಂದಲೇ ತನ್ನಿ.

ಮಿರಜದ ತಂಬೂರಿ, ಸಿತಾರುಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ತಂಬೂರಿಯ ಸೋರೆಬುರುಡೆಯ ಮೇಲೆ ಎಷ್ಟೇ ಚಿತ್ತಾರವಿರಲಿ, ತಂತಿಗೂ ಕುದುರೆಗೂ ನಡುವೆ ಇಡುವ ಒಂದು ಎಳೆ ನೂಲು ತನ್ನ ಜಾಗದಲ್ಲಿ ಕೂರದೆ ಅದರ ನಾದಕ್ಕೆ ಜೀವ ಬಾರದು. ಕಾರ್ಖಾನೆಯ ಗಿಟಾರಿನಲ್ಲೂ ಸ್ವರ ನಿಲ್ಲುವುದು ಇಂಥ ಸಣ್ಣ ಹೊಂದಿಕೆಗಳ ಮೇಲೆಯೇ. ಇದನ್ನು ತಿಳಿದವನಿಗೆ ನಡುಬೆಲೆಯ ವಾದ್ಯ ಸಾಕು. ತಿಳಿಯದವನಿಗೆ ಲಕ್ಷದ ವಾದ್ಯವೂ ಸಾಲದು.

ಕೊನೆಯದಾಗಿ ಹಾಡುವವರ ಪರವಾಗಿ ಒಂದು ಮಾತು. ಬೇಸ್ ಗಿಟಾರಿನ ಬಿಡಿತಂತಿಗೆ ಹೊಂದಲೆಂದು ಹಾಡುಗಾರನ ಶ್ರುತಿಯನ್ನು ಏರಿಸುವುದು, ಇಳಿಸುವುದು ಬೇಡ. ತಂಬೂರಿಯ ತಂತಿ ಬಿಗಿಯುವುದು ಹಾಡುವವನ ಕಂಠವನ್ನು ನೋಡಿ. ಬೇಸ್ ನುಡಿಸುವವನೂ ಆ ಕಂಠದ ಷಡ್ಜ ಯಾವ ಮೆಟ್ಟಿನಲ್ಲಿದೆ ಎಂದು ಹುಡುಕಿ ಅಲ್ಲಿಂದ ತೊಡಗಲಿ. ನಾಲ್ಕು ತಂತಿಗಳಲ್ಲಿ ಅದು ಎಲ್ಲಿಯಾದರೂ ಸಿಕ್ಕೇ ಸಿಗುತ್ತದೆ. ಮಾದಪ್ಪನ ಪದ ಮುಂದೆ ನಡೆಯಲಿ, ಹೊಸ ವಾದ್ಯ ಅದರ ಹಿಂದೆ ಬರಲಿ. ಹಾಗೆ ಹಿಂದೆ ನಿಂತು ಹೊರೆ ಹೊರಬಲ್ಲ ವಾದ್ಯವನ್ನೇ ಆರಿಸಿಕೊಳ್ಳಿ. ಕೂಲಿಯ ಹಣ ಸಾರ್ಥಕವಾದೀತು.