ನೆರೆಮನೆಯ ತತ್ತಿ



ಅಡಿಗೆಯ ಮಾತನ್ನು ಶಾಲೆಯ ಸಂಚಿಕೆಯಲ್ಲಿ ಎತ್ತುವದು ಅಲ್ಪಕಾರ್ಯವೆಂದು ಕೆಲವರು ನಗಬಹುದು, ನಗಲಿ. ನೆರೆಮನೆಯ ಹಿತ್ತಲಲ್ಲಿ ಕೋಳಿಯು ಕೂಗಿ ಸಾರಿದ ಗಳಿಗೆಯ ತರುವಾಯ, ಇನ್ನೂ ಬೆಚ್ಚಗಿರುವ ತತ್ತಿಯನ್ನು ಅಂಗೈಯಲ್ಲಿ ಹಿಡಿದು ಒಲೆಯ ಬಳಿಗೆ ಬರುವ ಸಂತೋಷವನ್ನು ಬಲ್ಲವರು ಮಾತ್ರ ನಗಲಾರರು.

ಈ ಸಂತೋಷವು ಬರೀ ಕಲ್ಪನೆಯಲ್ಲ. ಹೊಸ ತತ್ತಿಯನ್ನು ಕಾವಲಿಯ ಮೇಲೆ ಒಡೆದರೆ ಬಿಳಿ ಲೋಳೆಯು ನೀರಿನಂತೆ ಹರಿಯದೆ, ಹಳದಿಯನ್ನು ಸುತ್ತಿಕೊಂಡು ದಿಬ್ಬವಾಗಿ ನಿಲ್ಲುವದು. ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮರಂಧ್ರಗಳಿಂದ ದಿನೇ ದಿನೇ ತೇವವೂ ಇಂಗಾಲಾಮ್ಲವಾಯುವೂ ಹೊರಟುಹೋಗಿ, ಒಳಗಿನ ಗಾಳಿಯ ಗೂಡು ಹಿಗ್ಗುವದು, ಲೋಳೆಯು ತೆಳ್ಳಗಾಗುವದು. ನಮ್ಮ ಅಜ್ಜಿಯರು ತತ್ತಿಯನ್ನು ನೀರಿನಲ್ಲಿ ಬಿಟ್ಟು, ಅಡ್ಡ ಮಲಗಿದ್ದನ್ನು ಒಲೆಗೂ ತೇಲಿದ್ದನ್ನು ತೆಂಗಿನ ಬುಡಕ್ಕೂ ಕಳುಹಿಸುತ್ತಿದ್ದುದು ಇದೇ ಕಾರಣದಿಂದ. ಆದರೆ ಹೊಸತು ಎಲ್ಲದಕ್ಕೂ ಉತ್ತಮವೆಂದು ಹೇಳಲಾರೆವು. ಒಮ್ಮೆ ಅತಿಥಿಗಳಿಗೆಂದು ಆ ದಿನದ ತತ್ತಿಗಳನ್ನೇ ಬೇಯಿಸಿದೆವು. ಸಿಪ್ಪೆಯೊಡನೆ ಬಿಳಿಯೂ ಚೂರುಚೂರಾಗಿ ಬಂದು, ಸಾರಿನಲ್ಲಿ ಹಳದಿ ಗುಂಡುಗಳೇ ಉಳಿದವು. ಬೇಯಿಸಿ ಸುಲಿಯುವದಕ್ಕೆ ವಾರದ ತತ್ತಿ ಲೇಸು. ನೀರುದೋಸೆಯ ಮಗ್ಗುಲಿಗೆ ಕಾವಲಿಯಲ್ಲಿ ಮಾಡಿದ್ದಾದರೆ ಇಂದಿನದೇ ಆಗಬೇಕು. ಚಿಪ್ಪು ಕಂದಾಗಿದ್ದರೆ ಸತ್ವ ಹೆಚ್ಚೆಂಬ ಮಾತನ್ನು ನಂಬಬೇಡಿರಿ. ಅದು ಕೋಳಿಯ ಜಾತಿಯ ಗುರುತಷ್ಟೆ.

ಈಗ ನಮ್ಮ ಮುಖ್ಯ ಮಾತಿಗೆ ಬರುವೆವು. ಕದ್ರಿ, ಬಿಜೈಗಳಲ್ಲಿ ಎಷ್ಟೋ ಹಿತ್ತಲುಗಳು ಬಹುಮಹಡಿ ಕಟ್ಟಡಗಳಿಗೆ ಎಡೆಗೊಟ್ಟಿವೆ. ಆದಾಗ್ಯೂ ಕೋಳಿ ಸಾಕಿ ತತ್ತಿ ಮಾರುವ ಹೆಂಗಸರು ನಗರದ ಅಂಚಿನಲ್ಲಿ ಇನ್ನೂ ಇದ್ದಾರೆ. ಫಾರ್ಮಿನ ತತ್ತಿಗೆ ಅಂಗಡಿಯವನು ಹೇಳಿದ್ದನ್ನು ಬಾಯಿಮುಚ್ಚಿ ಕೊಡುವ ನಾವು, ಇವರೊಡನೆ ಮಾತ್ರ ಒಂದೊಂದು ರೂಪಾಯಿಗೂ ಚೌಕಾಶಿ ಮಾಡುವದು ನಾಚಿಕೆಯ ಸಂಗತಿ. ಫಾರ್ಮಿನ ಕೋಳಿಯು ವರ್ಷಕ್ಕೆ 300ರಷ್ಟು ತತ್ತಿಯಿಡುವದು. ಊರಕೋಳಿಯು ಅನೇಕಾವರ್ತಿ 60-70ನ್ನು ದಾಟದು. ಅದು ಕಾವಿಗೆ ಕೂತರೆ 21 ದಿನ ಒಂದನ್ನೂ ಇಡದು, ಮರಿಗಳೊಡನೆ ಕೆದಕುತ್ತಾ ತಿರುಗುವ ವಾರಗಳಲ್ಲಿಯೂ ಇಡದು. ಮೇಲೆ ಮುಂಗುಸಿ, ಗಿಡುಗ, ಬೀದಿನಾಯಿಗಳ ಪಾಲು ಬೇರೆ. ಹೀಗಿರುವಲ್ಲಿ ಬೆಲೆಯು ಇಮ್ಮಡಿಯಾದರೆ ಅನ್ಯಾಯವೇನು?

ಇದಲ್ಲದೆ ಆ ಹಣವು ಮನೆಯ ಯಜಮಾನನ ಕಿಸೆಗೆ ಹೋಗದೆ ಆಕೆಯ ಸೆರಗಿನ ಗಂಟಿಗೆ ಸೇರುವಂಥಾದ್ದು. ಆಕೆಯು ಯಾರನ್ನೂ ಕೇಳದೆ ಖರ್ಚುಮಾಡುವ ಹಣವು ಅದೊಂದೇ ಆಗಿರಬಹುದು. ನಮ್ಮಲ್ಲಿ ಎಷ್ಟು ಮಂದಿಯ ಸ್ಲೇಟು ಬಳಪಗಳು ತಾಯಿಯ ತತ್ತಿಯ ದುಡ್ಡಿನಿಂದ ಬಂದವೆಂಬದನ್ನು ಈ ಸಂಚಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ.

ಮುಂದಿನ ಸಾರಿ ಆಕೆಯು ಬಾಗಲಿಗೆ ಬಂದಾಗ ಕೇಳಿದ ಬೆಲೆಯನ್ನು ಕೊಡಿರಿ. ಬುಟ್ಟಿಯಲ್ಲಿ ಹಾಸಿದ ಭತ್ತದ ಉಮಿಯನ್ನು ಚೆಲ್ಲದೆ ಹಿಂದಕ್ಕೆ ಕೊಡಿರಿ. ಅದು ಆಕೆಗೆ ನಾಳೆಗೆ ಬೇಕು.